ಬೋರ್ನಿಯೊದಲ್ಲಿಲ್ಲದ ಟೇಪಿರ್: ಆಗ್ನೇಯ ಏಷ್ಯಾದ ಪ್ರಾಣಿಗಳ ಸ್ಟಾಂಪು, ಪೋಸ್ಟ್‌ಕಾರ್ಡ್ ಕೂಡಿಡುವವರಿಗೆ ಒಂದು ಪರಿಚಯ

ಮುಂದೆ ಕಪ್ಪು, ನಡುವೆ ಬಿಳಿ, ಹಿಂಗಾಲು ಮತ್ತೆ ಕಪ್ಪು. ಗಿಡ್ಡ ಸೊಂಡಿಲಿನಂಥ ಮೂಗು. ಇಂಥ ಪ್ರಾಣಿಯ ವಿಡಿಯೊ ಮೊಬೈಲಿನಲ್ಲಿ ಕಂಡರೆ ‘ಇದೇನಪ್ಪಾ ಇದು’ ಅನ್ನಿಸುವುದು ಸಹಜ. ಅದು ಮಲಯ ಟೇಪಿರ್. ಅದರ ಬೆನ್ನಿಗೇ ದೊಡ್ಡ ಕಣ್ಣಿನ ಟಾರ್ಸಿಯರ್, ಮೂಗು ಜೋತುಬಿದ್ದ ಕೋತಿ, ಮುದುಡಿ ಚೆಂಡಾಗುವ ಚಿಪ್ಪುಹಂದಿ ಎಲ್ಲವೂ ಸಾಲಾಗಿ ಬರುತ್ತವೆ. ಹೀಗೆ ನೋಡುತ್ತಾ ನೋಡುತ್ತಾ ಕೆಲವರಿಗೆ ಇವುಗಳ ಸ್ಟಾಂಪು, ಪೋಸ್ಟ್‌ಕಾರ್ಡ್ ಕೂಡಿಡುವ ಆಸೆ ಹುಟ್ಟುತ್ತದೆ.

ಹುಡುಕಿದರೆ ಮಾರುವವರ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಆ ಪಟ್ಟಿಗಳ ಭಾಷೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಎಂಎನ್‌ಎಚ್, ಎಫ್‌ಡಿಸಿ, ಸಿಟಿಒ, ಮ್ಯಾಕ್ಸಿಮಮ್ ಕಾರ್ಡ್ ಅಂದರೆ ಏನು? ನೋಡಲು ಒಂದೇ ಥರ ಇರುವ ಎರಡು ಸ್ಟಾಂಪುಗಳಲ್ಲಿ ಒಂದಕ್ಕೆ ಪುಡಿಗಾಸು, ಇನ್ನೊಂದಕ್ಕೆ ಭಾರೀ ಬೆಲೆ ಯಾಕೆ? ಕೆಲವು ಸ್ಟಾಂಪುಗಳು ಸ್ಟಾಂಪೇ ಅಲ್ಲ ಅನ್ನುತ್ತಾರಲ್ಲ, ಅದು ಹೇಗೆ?

ಒಂದು ಮಾತನ್ನು ಮೊದಲೇ ಹೇಳಿಬಿಡಬಹುದು. ಈ ಹವ್ಯಾಸದಲ್ಲಿ ಚಿತ್ರ ಚೆಂದ ಇದ್ದರೆ ಸಾಲದು. ಪ್ರಾಣಿ, ಸ್ಥಳ, ಅಂಚೆ ಮುದ್ರೆ ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದರಲ್ಲೇ ಇದರ ರುಚಿ ಇರುವುದು. ಮುಂದಿನ ವಿವರಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಇಷ್ಟೊಂದು ವಿಚಿತ್ರ ಪ್ರಾಣಿಗಳು ಅಲ್ಲೇ ಯಾಕೆ?

ಆಗ್ನೇಯ ಏಷ್ಯಾ ಎಂದರೆ ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ, ಮಲೇಷ್ಯಾ, ಸಿಂಗಪುರ, ಬ್ರೂನೈ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮತ್ತು ಪೂರ್ವ ಟಿಮೋರ್. ಇದರಲ್ಲಿ ಅರ್ಧ ನೆಲ, ಅರ್ಧ ದ್ವೀಪ. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಳಿದಿದ್ದಾಗ ಸುಮಾತ್ರ, ಜಾವಾ, ಬೋರ್ನಿಯೊ ದ್ವೀಪಗಳು ಏಷ್ಯಾದ ನೆಲಕ್ಕೆ ಅಂಟಿಕೊಂಡಿದ್ದವು. ಪ್ರಾಣಿಗಳು ನಡೆದೇ ಅತ್ತಿಂದಿತ್ತ ಹೋದವು. ನೀರು ಏರಿದಾಗ ಅಲ್ಲಲ್ಲೇ ಉಳಿದವು. ಸುಲವೇಸಿ ಮಾತ್ರ ಆಳ ಸಮುದ್ರದ ಆಚೆ ಒಂಟಿಯಾಗಿಯೇ ಇತ್ತು. ಹಾಗಾಗಿ ಅಲ್ಲಿನ ಪ್ರಾಣಿಗಳು ಬೇರೆಲ್ಲೂ ಕಾಣದ ರೂಪ ಪಡೆದವು. ಬೋರ್ನಿಯೊ ಮತ್ತು ಸುಲವೇಸಿಯ ನಡುವಿನ ಈ ಗಡಿಯನ್ನು 19ನೇ ಶತಮಾನದಲ್ಲಿ ಗುರುತಿಸಿದವರು ಆಲ್ಫ್ರೆಡ್ ರಸೆಲ್ ವಾಲೇಸ್. ಇಂದಿಗೂ ಅದನ್ನು ವಾಲೇಸ್ ರೇಖೆ ಎಂದೇ ಕರೆಯುತ್ತಾರೆ.

ಸ್ಟಾಂಪು ಕೂಡಿಡುವವರಿಗೆ ಈ ಭೂಗೋಳ ಯಾಕೆ ಬೇಕು ಎಂಬುದು ಮುಂದೆ ಉತ್ತರ ಬೋರ್ನಿಯೊ ವಿಷಯ ಬಂದಾಗ ಗೊತ್ತಾಗುತ್ತದೆ. ಸದ್ಯಕ್ಕೆ ಮುಖ್ಯ ಪ್ರಾಣಿಗಳ ಪರಿಚಯ ಮಾಡಿಕೊಳ್ಳೋಣ.

ಟಾರ್ಸಿಯರ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಅದರ ಒಂದೊಂದು ಕಣ್ಣೂ ಹೆಚ್ಚುಕಡಿಮೆ ಅದರ ಮಿದುಳಿನಷ್ಟೇ ದೊಡ್ಡದು. ಕಣ್ಣುಗುಡ್ಡೆ ಅಲುಗುವುದಿಲ್ಲ. ಅದಕ್ಕೇ ಅದು ಇಡೀ ತಲೆಯನ್ನೇ ಬೆನ್ನಿನ ಕಡೆಗೆ ತಿರುಗಿಸಿ ನೋಡುತ್ತದೆ. ಕೊಲುಗೊ ಇನ್ನೊಂದು ಸೋಜಿಗ. ಕತ್ತಿನಿಂದ ಬೆರಳತುದಿ, ಬಾಲದ ತುದಿವರೆಗೆ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ 100 ಮೀಟರಿಗೂ ಜಾಸ್ತಿ ತೇಲುತ್ತದೆ. ಸ್ಟಾಂಪಿನ ಕೆಟಲಾಗುಗಳಲ್ಲಿ ಇದು ‘ಫ್ಲೈಯಿಂಗ್ ಲೀಮರ್’ ಎಂಬ ಹಳೆಯ ಹೆಸರಿನಲ್ಲೇ ಇರುತ್ತದೆ. ಹುಡುಕುವಾಗ ಎರಡೂ ಹೆಸರು ಹಾಕಬೇಕು.

ಸುಲವೇಸಿ ಮತ್ತು ಅದರ ಸುತ್ತಲಿನ ದ್ವೀಪಗಳ ಬಾಬಿರುಸ ಒಂದು ಕಾಡುಹಂದಿ. ಗಂಡಿನ ಮೇಲ್ಕೋರೆಗಳು ಬಾಯಿಂದ ಹೊರಗೆ ಬರುವುದಿಲ್ಲ. ಮೂತಿಯ ಚರ್ಮವನ್ನೇ ತೂತು ಮಾಡಿಕೊಂಡು ಮೇಲೆದ್ದು ಹಣೆಯ ಕಡೆಗೆ ಬಾಗುತ್ತವೆ. ಅದೇ ಸುಲವೇಸಿಯಲ್ಲಿ ಅನೋವಾ ಎಂಬ ಕುಳ್ಳ ಕಾಡೆಮ್ಮೆಯೂ ಇದೆ. ಉದ್ದ ಮೂಗಿನ ಪ್ರೊಬೊಸಿಸ್ ಕೋತಿ ಬೋರ್ನಿಯೊ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿಲ್ಲ. ಮೌಸ್ ಡಿಯರ್ ಎಂಬ ಮೊಲದ ಗಾತ್ರದ ಗೊರಸಿನ ಪ್ರಾಣಿ, ಮರ ಹತ್ತುವ ಬಿಂಟುರಾಂಗ್, ನಮ್ಮ ಕಾಡುಪಾಪದ ನೆಂಟನಾದ ಸ್ಲೋ ಲೋರಿಸ್, ಥಾಯ್ಲೆಂಡ್ ಮತ್ತು ಮ್ಯಾನ್ಮಾರಿನ ಸುಣ್ಣಕಲ್ಲಿನ ಗುಹೆಗಳಲ್ಲಿರುವ ಸುಮಾರು 2 ಗ್ರಾಂ ತೂಕದ ಬಾವಲಿ, ಹೀಗೆ ಪಟ್ಟಿ ಬೆಳೆಯುತ್ತದೆ. ಆ ಬಾವಲಿಗೆ ವಿಜ್ಞಾನದ ಹೆಸರು ಸಿಕ್ಕಿದ್ದೇ 1974ರಲ್ಲಿ.

ದಿನಬಳಕೆಯ ಸ್ಟಾಂಪು, ವಿಶೇಷ ಸ್ಟಾಂಪು

ದೇಶ ಯಾವುದೇ ಇರಲಿ, ಒಂದು ವಿಷಯವನ್ನು ಹಿಡಿದು ಸ್ಟಾಂಪು ಕೂಡಿಡುವುದಕ್ಕೆ ಥೀಮ್ ಸಂಗ್ರಹ ಎನ್ನುತ್ತಾರೆ. ಇಲ್ಲಿ ವಿಷಯ ಪ್ರಾಣಿ. ಆದರೆ ಪ್ರಾಣಿ ಎರಡು ಬಗೆಯ ಸ್ಟಾಂಪಿನಲ್ಲಿ ಬರುತ್ತದೆ.

ಡೆಫಿನಿಟಿವ್ ಎಂದರೆ ದಿನಬಳಕೆಯ ಸ್ಟಾಂಪು. ಅಂಚೆ ಕಚೇರಿಯಲ್ಲಿ ವರ್ಷಗಟ್ಟಲೆ ಸಿಗುತ್ತದೆ, ಖಾಲಿಯಾದರೆ ಮತ್ತೆ ಮುದ್ರಿಸುತ್ತಾರೆ. ಕಮೆಮೊರೇಟಿವ್ ಎಂದರೆ ಒಂದು ಸಂದರ್ಭಕ್ಕೆಂದು ಬಂದು, ಮುಗಿದರೆ ಮುಗಿಯಿತು. ದಿನಾ ಉಡುವ ಬಟ್ಟೆಗೂ ಹಬ್ಬದ ಬಟ್ಟೆಗೂ ಇರುವಷ್ಟೇ ವ್ಯತ್ಯಾಸ. ಹೊಸಬರು ಸಾಮಾನ್ಯವಾಗಿ ಹಬ್ಬದ ಬಟ್ಟೆಗೇ ಮನಸೋಲುತ್ತಾರೆ. ನನ್ನನ್ನು ಕೇಳಿದರೆ, ಕಥೆ ಜಾಸ್ತಿ ಇರುವುದು ದಿನಬಳಕೆಯದರಲ್ಲಿ. ಅದು ನಿಜವಾಗಿ ಜನರ ಪತ್ರದ ಮೇಲೆ ಕೂತು ಓಡಾಡಿದ ಸ್ಟಾಂಪು.

ಒಳ್ಳೆಯ ಉದಾಹರಣೆ ಮಲೇಷ್ಯಾದ 1979ರ ಪ್ರಾಣಿ ಸರಣಿ. ಅಲ್ಲಿನ ಹಣ ರಿಂಗಿಟ್, ಅದರ ಚಿಲ್ಲರೆ ಸೆನ್. 30 ಸೆನ್‌ಗೆ ಹುಲಿ. ಅಲ್ಲಿವರೆಗೆ ಎಲ್ಲ ಮಾಮೂಲು. ಮುಂದೆ 40 ಸೆನ್‌ಗೆ ಕೊಲುಗೊ, 50ಕ್ಕೆ ಮೌಸ್ ಡಿಯರ್, 75ಕ್ಕೆ ಚಿಪ್ಪುಹಂದಿ. 1 ರಿಂಗಿಟ್‌ಗೆ ಆಮೆ, 2ಕ್ಕೆ ಟೇಪಿರ್, 5ಕ್ಕೆ ಕಾಟಿ, 10 ರಿಂಗಿಟ್‌ಗೆ ಒರಾಂಗುಟಾನ್. ಒಂದು ದೇಶ ತನ್ನ ದಿನನಿತ್ಯದ ಟಪಾಲಿಗೆ ಕೊಲುಗೊವನ್ನು ಅಂಟಿಸಿ ಕಳಿಸಿತು ಎಂದರೆ ಯೋಚಿಸಿ. ಎಂಟರಲ್ಲಿ ಆಮೆಯೊಂದನ್ನು ಬಿಟ್ಟರೆ ಉಳಿದ ಏಳೂ ಸಸ್ತನಿಗಳು. ಬಳಸಿದ ಸ್ಟಾಂಪುಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಹಾಗಾಗಿ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸರಣಿ ಕಷ್ಟ.

ಇಂಡೊನೇಷ್ಯಾ ಇದಕ್ಕೂ ಮೊದಲೇ ಈ ಕೆಲಸ ಮಾಡಿತ್ತು. ಅದು 1956ರಿಂದ ಹೊರತಂದ ಚಿಕ್ಕ ಬೆಲೆಯ ದಿನಬಳಕೆ ಸ್ಟಾಂಪುಗಳಲ್ಲಿ ಮೌಸ್ ಡಿಯರ್, ಚಿಪ್ಪುಹಂದಿ, ಬಾಂಟೆಂಗ್ ಕಾಡುದನ, ಘೇಂಡಾಮೃಗ ಇವೆ. ಸ್ವಾತಂತ್ರ್ಯ ಸಿಕ್ಕಿ ಹೆಚ್ಚು ದಿನವಾಗಿರದ ದೇಶ ಮೌಸ್ ಡಿಯರನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಮಲಯ ಮತ್ತು ಇಂಡೊನೇಷ್ಯಾದ ಜನಪದ ಕಥೆಗಳಲ್ಲಿ ಹುಲಿಗೂ ಮೊಸಳೆಗೂ ಟೋಪಿ ಹಾಕುವ ಜಾಣ ಅದೇ. ಅಲ್ಲಿ ಅದರ ಹೆಸರು ಸಾಂಗ್ ಕಂಚಿಲ್.

ಉತ್ತರ ಬೋರ್ನಿಯೊ: ಕಂಪನಿಯೊಂದರ ಮೃಗಾಲಯ

ಈ ವಿಷಯದಲ್ಲಿ ಎಲ್ಲಕ್ಕಿಂತ ಸೊಗಸಾದ, ಎಲ್ಲಕ್ಕಿಂತ ಗೊಂದಲದ ಸ್ಟಾಂಪುಗಳು ಯಾವುವು ಎಂದರೆ ಉತ್ತರ ಬೋರ್ನಿಯೊದವು. ಅದು ಇಂದಿನ ಮಲೇಷ್ಯಾದ ಸಬಾ ರಾಜ್ಯ. 1881ರಲ್ಲಿ ಬ್ರಿಟನ್ನಿನ ರಾಜಸನ್ನದು ಪಡೆದ ಬ್ರಿಟಿಷ್ ನಾರ್ತ್ ಬೋರ್ನಿಯೊ ಕಂಪನಿ ಅದನ್ನು ಆಳುತ್ತಿತ್ತು. ಸರ್ಕಾರ ಅಂದರೆ ಕಂಪನಿ. ಅಂಚೆಯೂ ಕಂಪನಿಯದೇ. ಸ್ಟಾಂಪು ಮಾರಿ ಬರುವ ಹಣವೂ ಕಂಪನಿಗೇ.

ಅದೇ ಕಾಲಕ್ಕೆ ಬೇರೆ ಬ್ರಿಟಿಷ್ ವಸಾಹತುಗಳ ಸ್ಟಾಂಪಿನಲ್ಲಿ ಹೆಚ್ಚಾಗಿ ರಾಣಿ ಅಥವಾ ರಾಜನ ತಲೆ ಇರುತ್ತಿತ್ತು. ಇಲ್ಲಿ 1894ರಿಂದಲೇ ಕಡವೆ, ಮೊಸಳೆ, ಆರ್ಗಸ್ ಎಂಬ ಉದ್ದ ಗರಿಯ ಹಕ್ಕಿ ಬಂದವು. ಕೆಲವೇ ವರ್ಷಗಳಲ್ಲಿ ಒರಾಂಗುಟಾನ್, ಸೂರ್ಯ ಕರಡಿ ಸೇರಿಕೊಂಡವು. ಬಣ್ಣದ ಚೌಕಟ್ಟು, ನಡುವೆ ಕಪ್ಪು ಚಿತ್ರ. ಲೋಹದ ತಗಡಿನಲ್ಲಿ ಗೆರೆ ಗೆರೆಯಾಗಿ ಕೆತ್ತಿ, ಆ ಅಚ್ಚಿನಿಂದ ಲಂಡನ್ನಿನ ವಾಟರ್ಲೊ ಅಂಡ್ ಸನ್ಸ್ ಮುದ್ರಿಸಿದ್ದು. ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಕೂದಲೂ ಕಾಣುತ್ತದೆ.

1909ರ ಸರಣಿ ಇವೆಲ್ಲಕ್ಕಿಂತ ಹೆಸರುವಾಸಿ. 1 ಸೆಂಟ್‌ಗೆ ಟೇಪಿರ್. 5ಕ್ಕೆ ಆನೆ, 8ಕ್ಕೆ ಘೇಂಡಾಮೃಗ, 10ಕ್ಕೆ ಕಾಡುಹಂದಿ, 18ಕ್ಕೆ ಕಾಡುದನ. ಜೊತೆಗೆ ಪಾಮ್ ಕಾಕಟೂ ಗಿಳಿ, ಮಂಗಟ್ಟೆ ಹಕ್ಕಿ, ಹಾರಲಾರದ ಕ್ಯಾಸೊವರಿ.

ಈಗ ಭೂಗೋಳಕ್ಕೆ ಬನ್ನಿ. ಕ್ಯಾಸೊವರಿ ಬೋರ್ನಿಯೊದ ಹಕ್ಕಿಯೇ ಅಲ್ಲ. ಪಾಮ್ ಕಾಕಟೂ ಕೂಡ ಅಲ್ಲ. ಎರಡೂ ನ್ಯೂಗಿನಿ ಮತ್ತು ಉತ್ತರ ಆಸ್ಟ್ರೇಲಿಯಾ ಕಡೆಯವು, ವಾಲೇಸ್ ರೇಖೆಯಿಂದ ತುಂಬಾ ಆಚೆ. ಟೇಪಿರ್ ವಿಷಯ ಇನ್ನೂ ಮಜಾ. ಮಲಯ ಟೇಪಿರ್ ಇರುವುದು ಮ್ಯಾನ್ಮಾರ್, ಥಾಯ್ಲೆಂಡ್, ಮಲಯ ಪರ್ಯಾಯದ್ವೀಪ ಮತ್ತು ಸುಮಾತ್ರದಲ್ಲಿ. ಬೋರ್ನಿಯೊದಲ್ಲಿ ಅದು ಸಾವಿರಾರು ವರ್ಷಗಳ ಹಿಂದೆ ಇತ್ತು. ಸರವಾಕ್‌ನ ನಿಯಾ ಗುಹೆಗಳಲ್ಲಿ ಅದರ ಮೂಳೆಗಳು ಸಿಕ್ಕಿವೆ. ಆದರೆ 1909ರಲ್ಲಿ ಬೋರ್ನಿಯೊದ ಕಾಡಿನಲ್ಲಿ ಟೇಪಿರ್ ಇರಲಿಲ್ಲ. ಅಂದರೆ ಆ ಸರಣಿಯ ಮೂರು ಪ್ರಾಣಿಗಳು ಆ ನಾಡಿನವೇ ಅಲ್ಲ!

ಹಾಗಂತ ಈ ಸ್ಟಾಂಪನ್ನು ಬಿಡಬೇಕಾ? ಬೇಡವೇ ಬೇಡ. ದೂರದ ಕಚೇರಿಯಲ್ಲಿ ಕೂತವರ ಕಣ್ಣಿಗೆ ಬೋರ್ನಿಯೊ ಹೇಗೆ ಕಂಡಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಆಲ್ಬಮ್ಮಿನಲ್ಲಿ ಪಕ್ಕಕ್ಕೆ ‘ಈ ಪ್ರಾಣಿ ಇಲ್ಲಿನದಲ್ಲ’ ಎಂದು ಒಂದು ಸಾಲು ಬರೆದರೆ ಆಯಿತು. ಅದೇ ಸರಣಿಯ ಘೇಂಡಾಮೃಗದ ಪಕ್ಕ ಬರೆಯಬೇಕಾದ ಸಾಲು ಬೇರೆ. ಅದು ಆಗ ನಿಜಕ್ಕೂ ಅಲ್ಲಿತ್ತು. ಮಲೇಷ್ಯಾದ ಕೊನೆಯ ಸುಮಾತ್ರ ಘೇಂಡಾಮೃಗ, ಇಮಾನ್ ಎಂಬ ಹೆಣ್ಣು, ಸಬಾದಲ್ಲೇ 2019ರ ನವೆಂಬರ್‌ನಲ್ಲಿ ತೀರಿಕೊಂಡಿತು.

ಅಡ್ಡಗೆರೆಯ ಮುದ್ರೆ ಮತ್ತು ಸಿಟಿಒ

ಬೆಲೆಯ ಗೊಂದಲಕ್ಕೂ ಉತ್ತರ ಬೋರ್ನಿಯೊದಲ್ಲೇ ಉತ್ತರವಿದೆ. ಕಂಪನಿ ತನ್ನಲ್ಲಿ ಉಳಿದ ಸ್ಟಾಂಪುಗಳ ಮೇಲೆ ದಪ್ಪ ಅಡ್ಡಗೆರೆಗಳ ಮುದ್ರೆ ಒತ್ತಿ ವ್ಯಾಪಾರಿಗಳಿಗೆ ಸಗಟಾಗಿ ಮಾರುತ್ತಿತ್ತು. ಅವು ಯಾವ ಪತ್ರದ ಮೇಲೂ ಹೋದವಲ್ಲ. ಹೀಗೆ ಸಂಗ್ರಾಹಕರಿಗಾಗಿಯೇ ಮುದ್ರೆ ಒತ್ತಿದ್ದಕ್ಕೆ ಸಿಟಿಒ ಎನ್ನುತ್ತಾರೆ. ‘ಕ್ಯಾನ್ಸಲ್ಡ್ ಟು ಆರ್ಡರ್’ ಎಂಬುದರ ಗಿಡ್ಡ ರೂಪ ಅದು. ಅಡ್ಡಗೆರೆಯ ಟೇಪಿರ್ ಅಗ್ಗ. ಅದೇ ಟೇಪಿರ್ ಮೇಲೆ ಸಂದಾಕನ್ ಅಥವಾ ಜೆಸ್ಸೆಲ್ಟನ್ ಅಂಚೆ ಕಚೇರಿಯ ದುಂಡು ಠಸ್ಸೆ, ತಾರೀಕಿನ ಸಮೇತ ಇದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಜೆಸ್ಸೆಲ್ಟನ್ ಎಂದರೆ ಇಂದಿನ ಕೋಟ ಕಿನಬಾಲು.

1980ರ ದಶಕದ ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಸ್ಟಾಂಪುಗಳಲ್ಲೂ ಸಿಟಿಒ ತುಂಬಾ ಸಾಮಾನ್ಯ. ಗುರುತು ಹಿಡಿಯುವುದು ಸುಲಭ. ಮೂಲೆಯಲ್ಲಿ ನೀಟಾಗಿ ಕಾಲುಭಾಗ ಮುದ್ರೆ ಇರುತ್ತದೆ, ಹಿಂದೆ ತಿರುಗಿಸಿದರೆ ಅಂಟು ಹಾಗೇ ಇರುತ್ತದೆ. ಪತ್ರಕ್ಕೆ ಅಂಟಿಸಿದ ಸ್ಟಾಂಪಿನಲ್ಲಿ ಅಂಟು ಉಳಿಯುವುದಾದರೂ ಹೇಗೆ, ಅಲ್ವಾ? ಚಿತ್ರಕ್ಕಾಗಿ ಕೊಳ್ಳುವವರಿಗೆ ಸಿಟಿಒ ಏನೂ ತಪ್ಪಲ್ಲ. ಬಳಸಿದ ಸ್ಟಾಂಪಿನ ಬೆಲೆ ಕೊಟ್ಟು ಅದನ್ನು ಕೊಳ್ಳಬಾರದು ಅಷ್ಟೇ.

ಉಳಿದ ಪದಗಳು ಸುಲಭ. ಎಂಎನ್‌ಎಚ್ ಎಂದರೆ ಬಳಸಿಲ್ಲದ, ಹಿಂದಿನ ಅಂಟಿಗೆ ಯಾವ ಹಿಂಜ್ ಕೂಡ ತಾಗದ ಸ್ಟಾಂಪು. ಹಿಂಜ್ ಎಂದರೆ ಹಿಂದಿನವರು ಸ್ಟಾಂಪನ್ನು ಆಲ್ಬಮ್ಮಿಗೆ ಅಂಟಿಸಲು ಬಳಸುತ್ತಿದ್ದ ಪುಟ್ಟ ಕಾಗದದ ಪಟ್ಟಿ. ಎಫ್‌ಡಿಸಿ ಎಂದರೆ ಸ್ಟಾಂಪು ಬಿಡುಗಡೆಯಾದ ದಿನವೇ ಮುದ್ರೆ ಬಿದ್ದ ಲಕೋಟೆ. ಮಿನಿಯೇಚರ್ ಶೀಟ್ ಎಂದರೆ ಅಂಚಿನಲ್ಲೂ ಚಿತ್ರವಿರುವ ಚಿಕ್ಕ ಹಾಳೆಯಲ್ಲಿ ಒಂದೋ ಕೆಲವೋ ಸ್ಟಾಂಪು.

ಪಾಂಡಾ ಗುರುತಿನ ನಾಲ್ಕರ ಕಟ್ಟು

ಮೂಲೆಯಲ್ಲಿ ಪುಟ್ಟ ಪಾಂಡಾ ಇರುವ ಸ್ಟಾಂಪುಗಳನ್ನು ನೋಡಿರುತ್ತೀರಿ. ಅದು ವನ್ಯಜೀವಿ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಗುರುತು. 1983ರಲ್ಲಿ ಈ ಸಂಸ್ಥೆ ಸ್ವಿಟ್ಜರ್ಲೆಂಡಿನ ಗ್ರೋಟ್ ಎಂಬ ಕಂಪನಿಯ ಜೊತೆ ಸೇರಿ ಸ್ಟಾಂಪು ಯೋಜನೆ ಶುರುಮಾಡಿತು. ಸಾಮಾನ್ಯವಾಗಿ ಒಂದು ದೇಶ, ಅಪಾಯದಲ್ಲಿರುವ ಒಂದು ಪ್ರಾಣಿ, ನಾಲ್ಕು ಸ್ಟಾಂಪು. ಜೊತೆಗೆ ನಾಲ್ಕು ಮೊದಲ ದಿನದ ಲಕೋಟೆ, ನಾಲ್ಕು ಮ್ಯಾಕ್ಸಿಮಮ್ ಕಾರ್ಡ್ (ಅದೇನೆಂದು ಮುಂದೆ ಬರುತ್ತದೆ). ಮಾರಾಟದ ಒಂದು ಪಾಲು ವನ್ಯಜೀವಿ ರಕ್ಷಣೆಗೆ.

ಆಗ್ನೇಯ ಏಷ್ಯಾದಿಂದ 1989ರಲ್ಲಿ ಇಂಡೊನೇಷ್ಯಾದ ಒರಾಂಗುಟಾನ್, 1991ರಲ್ಲಿ ಬ್ರೂನೈಯ ಪ್ರೊಬೊಸಿಸ್ ಕೋತಿ, 1996ರಲ್ಲಿ ಇಂಡೊನೇಷ್ಯಾದ ಘೇಂಡಾಮೃಗಗಳು ಬಂದವು. ಕಾಂಬೋಡಿಯಾ 1980ರ ದಶಕದಲ್ಲಿ ಕಾಡುದನಗಳ ಕಟ್ಟು ತಂದಿತು. ಅದರಲ್ಲಿ ಕೂಪ್ರೇ ಇದೆ. ಅದು ಕಾಂಬೋಡಿಯಾದ ರಾಷ್ಟ್ರೀಯ ಪ್ರಾಣಿ. ವಿಜ್ಞಾನಕ್ಕೆ ಪರಿಚಯವಾದದ್ದು 1937ರಲ್ಲಿ, ಪ್ಯಾರಿಸ್ಸಿನ ಮೃಗಾಲಯಕ್ಕೆ ಬಂದ ಒಂದು ಕರುವಿನಿಂದ. ಹಲವು ದಶಕಗಳಿಂದ ಅದನ್ನು ಕಂಡ ಖಚಿತ ದಾಖಲೆ ಇಲ್ಲ. ಬಹುತೇಕ ತಜ್ಞರು ಅದು ಅಳಿದೇ ಹೋಗಿದೆ ಎನ್ನುತ್ತಾರೆ.

2000ದಲ್ಲಿ ವಿಯೆಟ್ನಾಂ ತಂದ ಸಾವೊಲ ಎಂಬ ಪ್ರಾಣಿಯ ಕಟ್ಟಿನ ಕಥೆ ಇನ್ನೂ ಬೇರೆ. 1992ರಲ್ಲಿ ಲಾವೋಸ್ ಗಡಿಯ ವು ಕ್ವಾಂಗ್ ಕಾಡಿನ ಸಮೀಕ್ಷೆಗೆ ಹೋದವರಿಗೆ ಬೇಟೆಗಾರರ ಮನೆಗಳಲ್ಲಿ ಉದ್ದನೆಯ ನೇರ ಕೊಂಬುಗಳು ಕಂಡವು. ಗೊತ್ತಿದ್ದ ಯಾವ ಪ್ರಾಣಿಗೂ ಅವು ಹೊಂದಲಿಲ್ಲ. ಮರುವರ್ಷ ಅದಕ್ಕೆ ಹೆಸರಿಟ್ಟರು. ದನದ ಬಳಗದ ಅಷ್ಟು ದೊಡ್ಡ ಪ್ರಾಣಿ ಅಲ್ಲಿಯವರೆಗೆ ವಿಜ್ಞಾನಿಗಳ ಕಣ್ಣಿಗೇ ಬಿದ್ದಿರಲಿಲ್ಲ. ಕಾಡಿನಲ್ಲಿ ಅದನ್ನು ಎದುರಿಗೆ ನೋಡಿದ ಜೀವಶಾಸ್ತ್ರಜ್ಞರು ಇಂದಿಗೂ ಇಲ್ಲ. ಇರುವುದು ಪ್ರಾಣಿ ಹಾದುಹೋದಾಗ ತಾನಾಗೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಬೆರಳೆಣಿಕೆಯ ಚಿತ್ರಗಳು. ಕೊನೆಯದು 2013ರದು. ಹೆಸರಿಟ್ಟು ಏಳೇ ವರ್ಷಕ್ಕೆ ಸ್ಟಾಂಪಾದ ಈ ಪ್ರಾಣಿಯ ಪೋಸ್ಟ್‌ಕಾರ್ಡ್ ಸಿಕ್ಕರೆ ಅದರಲ್ಲಿ ಫೋಟೊ ಇದೆಯೇ, ಬಿಡಿಸಿದ ಚಿತ್ರವೇ ಎಂದು ಗಮನಿಸಿ. ಸಾಮಾನ್ಯವಾಗಿ ಚಿತ್ರವೇ ಇರುತ್ತದೆ. ಕಾರಣ ಈಗ ಗೊತ್ತಾಯಿತಲ್ಲ.

ಪೋಸ್ಟ್‌ಕಾರ್ಡ್ ಓದುವುದು ಹೇಗೆ?

ಮೊದಲ ಅಧಿಕೃತ ಪೋಸ್ಟ್‌ಕಾರ್ಡ್ ಆಸ್ಟ್ರಿಯಾ–ಹಂಗೇರಿಯಲ್ಲಿ 1869ರ ಅಕ್ಟೋಬರ್ 1ರಂದು ಬಂತು. ಚಿತ್ರದ ಕಾರ್ಡುಗಳು ಆಮೇಲೆ ಬಂದವು. ಹಳೆಯ ಕಾರ್ಡಿನ ವಯಸ್ಸು ಅಂದಾಜು ಮಾಡಲು ಹಿಂಬದಿ ನೋಡಿ. ಮೊದಮೊದಲು ಹಿಂಬದಿ ಇದ್ದದ್ದು ವಿಳಾಸಕ್ಕೆ ಮಾತ್ರ. ಒಕ್ಕಣೆಯನ್ನು ಚಿತ್ರದ ಪಕ್ಕದಲ್ಲೇ ತುರುಕಬೇಕಿತ್ತು. 1902ರಲ್ಲಿ ಬ್ರಿಟನ್ ಹಿಂಬದಿಯ ನಡುವೆ ಗೆರೆ ಎಳೆದು ಅರ್ಧ ಒಕ್ಕಣೆಗೆ, ಅರ್ಧ ವಿಳಾಸಕ್ಕೆ ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಉಳಿದ ದೇಶಗಳೂ ಹಾಗೇ ಮಾಡಿದವು. ನಡುಗೆರೆ ಇಲ್ಲದ ಕಾರ್ಡ್ ಸಿಕ್ಕರೆ ಅದು ಸಾಮಾನ್ಯವಾಗಿ ಅದಕ್ಕೂ ಹಿಂದಿನದು.

ಮುಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಚುಕ್ಕಿಗಳಿದ್ದರೆ ಪ್ರೆಸ್ಸಿನಲ್ಲಿ ಮುದ್ರಿಸಿದ್ದು. ಚುಕ್ಕಿಯೇ ಇಲ್ಲದೆ ಬಣ್ಣ ನಯವಾಗಿ ಹರಡಿದ್ದರೆ ಫೋಟೊ ಕಾಗದದ ಮೇಲೆ ನೇರವಾಗಿ ತೊಳೆದ ನಿಜ ಫೋಟೊ ಕಾರ್ಡ್. ಆಮೇಲೆ ಅಡಿಬರಹ ಓದಿ. ಪ್ರಾಣಿಯ ಹೆಸರು, ಊರು, ಪ್ರಕಾಶಕರ ಹೆಸರು ಇದೆಯೇ? ಪ್ರಾಣಿಗಳ ಕಾರ್ಡುಗಳಲ್ಲಿ ಬಹುಪಾಲು ಮೃಗಾಲಯದಲ್ಲಿ ತೆಗೆದವು. 1973ರಲ್ಲಿ ತೆರೆದ ಸಿಂಗಪುರ ಮೃಗಾಲಯದ ‘ಆಹ್ ಮೆಂಗ್’ ಎಂಬ ಒರಾಂಗುಟಾನ್ ಅಂಥ ಕಾರ್ಡುಗಳ ತಾರೆ. ಆಕೆ ಸತ್ತದ್ದು 2008ರಲ್ಲಿ. ಆದರೆ ಮೃಗಾಲಯದ ಕಾರ್ಡ್ ಎಂದರೆ ಪ್ರಾಣಿ ಆ ದೇಶದ್ದೇ ಎಂದಲ್ಲ. ಥಾಯ್ಲೆಂಡಿನ ಮೃಗಾಲಯದಲ್ಲಿ ಹುಟ್ಟಿ 2024ರಲ್ಲಿ ಲೋಕಪ್ರಸಿದ್ಧಿಯಾದ ಮೂ ಡೆಂಗ್ ಕುಳ್ಳ ನೀರಾನೆ. ಅದರ ಬಳಗ ಪಶ್ಚಿಮ ಆಫ್ರಿಕಾದ್ದು.

ಇನ್ನೊಂದು ಮಾತು. ಪ್ರವಾಸಿಗಳ ಕೈಮೇಲೆ ಸ್ಲೋ ಲೋರಿಸ್ ಕೂತಿರುವ ಚಿತ್ರಗಳು ಮುದ್ದಾಗಿ ಕಾಣುತ್ತವೆ. ಅದರ ಕಡಿತ ವಿಷ. ಹಾಗಾಗಿ ಅದನ್ನು ಹಿಡಿದು ಮಾರುವವರು ಎಷ್ಟೋ ಸಲ ಹಲ್ಲು ಕತ್ತರಿಸಿಬಿಡುತ್ತಾರೆ. ಇಂಥ ಚಿತ್ರದ ಕಾರ್ಡುಗಳನ್ನು ನಾನಂತೂ ಆರಿಸುವುದಿಲ್ಲ.

ಕಾರ್ಡುಗಳು ಅಂಚೆಯಲ್ಲೇ ಬರಬೇಕು ಎನ್ನುವವರಿಗೆ 2005ರಲ್ಲಿ ಪೋರ್ಚುಗಲ್ಲಿನಲ್ಲಿ ಶುರುವಾದ ಪೋಸ್ಟ್‌ಕ್ರಾಸಿಂಗ್ ಇದೆ. ನೀವು ಗೊತ್ತಿಲ್ಲದ ಒಬ್ಬರಿಗೆ ಕಾರ್ಡ್ ಕಳಿಸುತ್ತೀರಿ, ಗೊತ್ತಿಲ್ಲದ ಇನ್ನೊಬ್ಬರಿಂದ ನಿಮಗೆ ಬರುತ್ತದೆ. ‘ನಿಮ್ಮ ದೇಶದ ಪ್ರಾಣಿಗಳ ಕಾರ್ಡ್ ಇಷ್ಟ’ ಎಂದು ಬರೆದುಕೊಳ್ಳಬಹುದು. ಇಂಥದ್ದೇ ಬೇಕು ಎಂದು ಹಟ ಹಿಡಿಯುವಂತಿಲ್ಲ.

ಮ್ಯಾಕ್ಸಿಮಮ್ ಕಾರ್ಡ್: ಮೂರೂ ಕೂಡಿದಾಗ

ಸ್ಟಾಂಪು ಮತ್ತು ಪೋಸ್ಟ್‌ಕಾರ್ಡ್ ಎರಡೂ ಕೂಡಿಡುವವರ ಕಣ್ಣು ಕೊನೆಗೆ ನಿಲ್ಲುವುದು ಇಲ್ಲೇ. ಮ್ಯಾಕ್ಸಿಮಮ್ ಕಾರ್ಡಿನಲ್ಲಿ ಸ್ಟಾಂಪನ್ನು ಚಿತ್ರವಿರುವ ಬದಿಗೆ ಅಂಟಿಸಿ, ಅದರ ಮೇಲೆ ಮುದ್ರೆ ಒತ್ತಿಸುತ್ತಾರೆ. ಮೂರು ವಿಷಯ ಹೊಂದಬೇಕು. ಒಂದು, ಕಾರ್ಡಿನ ಚಿತ್ರವೂ ಸ್ಟಾಂಪಿನ ಚಿತ್ರವೂ ಒಂದೇ ಪ್ರಾಣಿ. ಎರಡು, ಮುದ್ರೆ ಬಿದ್ದ ಊರಿಗೂ ಆ ಪ್ರಾಣಿಗೂ ಸಂಬಂಧ. ಮೂರು, ಮುದ್ರೆಯ ತಾರೀಕು ಆ ಸ್ಟಾಂಪು ಚಾಲ್ತಿಯಲ್ಲಿದ್ದಾಗಿನದು, ಬಿಡುಗಡೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಫಿಲಿಪ್ಪೀನ್ಸಿನ ಟಾರ್ಸಿಯರ್ ಸ್ಟಾಂಪು ಇದೆ ಎನ್ನಿ. ಟಾರ್ಸಿಯರ್ ಫೋಟೊ ಇರುವ ಕಾರ್ಡಿಗೆ ಅಂಟಿಸಿ ಮನಿಲಾದಲ್ಲಿ ಮುದ್ರೆ ಒತ್ತಿಸಬಹುದು, ನಡೆಯುತ್ತದೆ. ಆದರೆ ಟಾರ್ಸಿಯರ್‌ಗೆ ಹೆಸರಾದ ಬೊಹೋಲ್ ದ್ವೀಪದ ಟಾಗ್ಬಿಲರಾನ್ ಊರಿನ ಮುದ್ರೆ ಬಿದ್ದರೆ ಅದರ ತೂಕವೇ ಬೇರೆ. ಒರಾಂಗುಟಾನ್‌ಗೆ ಸಂದಾಕನ್ ಮುದ್ರೆ ಹಾಗೆಯೇ. ಅನಾಥ ಒರಾಂಗುಟಾನ್‌ಗಳನ್ನು ಸಾಕಿ ಕಾಡಿಗೆ ಬಿಡುವ ಸೆಪಿಲೋಕ್ ಕೇಂದ್ರ 1964ರಿಂದ ಆ ಊರಿನ ಹತ್ತಿರವೇ ಇದೆ.

ಒಂದು ಮುಖ್ಯ ನಿಯಮ ಹೊಸಬರಿಗೆ ಗೊತ್ತಿರುವುದಿಲ್ಲ. ಸ್ಟಾಂಪನ್ನೇ ದೊಡ್ಡದು ಮಾಡಿ ಮುದ್ರಿಸಿದ ಕಾರ್ಡನ್ನು ಪ್ರದರ್ಶನಗಳಲ್ಲಿ ಒಪ್ಪುವುದಿಲ್ಲ. ಅದೇ ಪ್ರಾಣಿಯ ಬೇರೆ ಚಿತ್ರ ಬೇಕು. ಸ್ಟಾಂಪು ಬರುವುದಕ್ಕೂ ಮೊದಲೇ ಅಂಗಡಿಯಲ್ಲಿದ್ದ ಮಾಮೂಲಿ ಕಾರ್ಡಾದರೆ ಇನ್ನೂ ಒಳ್ಳೆಯದು. ಹುಡುಕಿ ಜೋಡಿಸುವ ಕಷ್ಟವೇ ಇದರ ಖುಷಿ.

ಸ್ಟಾಂಪಲ್ಲದ ಸ್ಟಾಂಪು

ಪ್ರಾಣಿಗಳು ಎಲ್ಲರಿಗೂ ಇಷ್ಟ. ಅದಕ್ಕೇ ನಕಲಿಯೂ ಇಲ್ಲಿ ಜಾಸ್ತಿ. ಒಂದು ದೇಶದ ಹೆಸರು ಹಾಕಿ, ಆ ದೇಶದ ಅಂಚೆ ಇಲಾಖೆಗೆ ಗೊತ್ತೇ ಇಲ್ಲದಂತೆ ಯಾರೋ ಮುದ್ರಿಸಿ ಮಾರುವ ಹಾಳೆಗಳಿವೆ. ಕೆಲವರು ಪಾಂಡಾ ಗುರುತನ್ನೂ ಸುಮ್ನೆ ಹಾಕಿಬಿಡುತ್ತಾರೆ. 1874ರಲ್ಲಿ ಸ್ಥಾಪನೆಯಾದ ವಿಶ್ವ ಅಂಚೆ ಒಕ್ಕೂಟ ಇಂಥ ಅಕ್ರಮ ಸ್ಟಾಂಪುಗಳ ಬಗ್ಗೆ ದೇಶಗಳ ದೂರುಗಳನ್ನು ಸುತ್ತೋಲೆಯಾಗಿ ಹೊರಡಿಸುತ್ತದೆ. 2002ರಿಂದ ಅದರ ಡಬ್ಲ್ಯುಎನ್‌ಎಸ್ ಎಂಬ ಪಟ್ಟಿಯೂ ಇದೆ. ಅದರಲ್ಲಿ ಸೇರಿದ ದೇಶಗಳ ಅಧಿಕೃತ ಸ್ಟಾಂಪುಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುತ್ತಾರೆ. ಸಂಖ್ಯೆ ಇದ್ದರೆ ಸ್ಟಾಂಪು ಅಸಲಿ ಎಂದು ನಂಬಬಹುದು. ಇಲ್ಲದಿದ್ದರೆ ನಕಲಿ ಎಂದೇ ಅರ್ಥವಲ್ಲ, ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ. ಹಳೆಯ ಸ್ಟಾಂಪಿಗೆ ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಷೆಲ್ ಕೆಟಲಾಗುಗಳೇ ಆಧಾರ. ಒಂದೇ ಸ್ಟಾಂಪಿಗೆ ಮೂರರಲ್ಲೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಯಾವ ಕೆಟಲಾಗು ಎಂದು ಕೇಳದೆ ಬರೀ ಸಂಖ್ಯೆ ನಂಬಬೇಡಿ.

ದೂರದ ದೇಶವೊಂದು ಸಂಗ್ರಾಹಕರಿಗೆ ಮಾರಲೆಂದೇ ಬಾಬಿರುಸದ ಸ್ಟಾಂಪು ತರುವುದೂ ಉಂಟು. ಅದು ಅಕ್ರಮವಲ್ಲ. ಆದರೆ ಪ್ರಾಣಿಗೂ ಆ ದೇಶಕ್ಕೂ ಸಂಬಂಧವಿಲ್ಲ. ಅಂಥವಕ್ಕೆ ಆಲ್ಬಮ್ಮಿನಲ್ಲಿ ಬೇರೆ ಪುಟ ಇಟ್ಟರೆ ಗೊಂದಲವಿಲ್ಲ.

ಹೆಸರು ಬದಲಿಸಿದ ದೇಶಗಳು

ಹುಡುಕುವಾಗ ಹಳೆಯ ಹೆಸರುಗಳೂ ಬೇಕು. ಥಾಯ್ಲೆಂಡ್ ಹಿಂದೆ ಸಿಯಾಮ್. ಇಂಡೊನೇಷ್ಯಾ ಡಚ್ಚರ ಕಾಲದಲ್ಲಿ ನೆದರ್ಲೆಂಡ್ಸ್ ಇಂಡೀಸ್. ಮ್ಯಾನ್ಮಾರ್ ಹಿಂದೆ ಬರ್ಮಾ. ಕಾಂಬೋಡಿಯಾ ಅಂತೂ ಕಾಂಬೋಜ್, ಖ್ಮೇರ್ ಗಣರಾಜ್ಯ, ಕಂಪೂಚಿಯಾ ಎಲ್ಲ ಆಗಿ ಮತ್ತೆ ಕಾಂಬೋಡಿಯಾ ಆಯಿತು. ಕೂಪ್ರೇ ಕಟ್ಟು ಬೇಕಾದರೆ ಕಂಪೂಚಿಯಾ ಎಂದೇ ಹುಡುಕಬೇಕು. ಉತ್ತರ ಬೋರ್ನಿಯೊ 1963ರಲ್ಲಿ ಸಬಾ ಆಗಿ ಮಲೇಷ್ಯಾಕ್ಕೆ ಸೇರಿತು. ಅದಾದ ಮೇಲೆ ಹಳೆಯ ಉತ್ತರ ಬೋರ್ನಿಯೊ ಸ್ಟಾಂಪುಗಳ ಮೇಲೆಯೇ ‘ಸಬಾ’ ಎಂದು ಮುದ್ರಿಸಿ ಬಳಸಿದರು. ಹೀಗೆ ಮೇಲೆ ಮುದ್ರಿಸುವುದಕ್ಕೆ ಓವರ್‌ಪ್ರಿಂಟ್ ಎನ್ನುತ್ತಾರೆ.

ಎಲ್ಲಿಂದ ಶುರು, ಹೇಗೆ ಕಾಪಾಡುವುದು

ಎಲ್ಲವನ್ನೂ ಕೂಡಿಡಲು ಹೊರಟರೆ ಯಾವುದೂ ಪೂರ್ತಿಯಾಗುವುದಿಲ್ಲ. ಒಂದು ಪ್ರಾಣಿ ಆರಿಸಿಕೊಳ್ಳಿ. ಮೌಸ್ ಡಿಯರನ್ನೇ ತೆಗೆದುಕೊಳ್ಳಿ. ಇಂಡೊನೇಷ್ಯಾದ 1956ರದು, ಮಲೇಷ್ಯಾದ 1979ರದು, ಸಾಂಗ್ ಕಂಚಿಲ್ ಕಥೆಯ ಚಿತ್ರಗಳು. ವಿಯೆಟ್ನಾಂನಲ್ಲಿ ಅದರದೇ ಬಳಗದ ಬೆಳ್ಳಿಬೆನ್ನಿನ ಜಾತಿ 1990ರ ನಂತರ ವಿಜ್ಞಾನಿಗಳಿಗೆ ಸಿಕ್ಕಿರಲಿಲ್ಲ. ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಮತ್ತೆ ಕಂಡ ಸುದ್ದಿ ಹೊರಬಂದದ್ದು 2019ರಲ್ಲಿ. ಒಂದು ಪುಟ್ಟ ಪ್ರಾಣಿಯಿಂದಲೇ ಆಲ್ಬಮ್ಮಿನ ಹಲವು ಪುಟ ತುಂಬುತ್ತದೆ.

ಸ್ಟಾಂಪನ್ನು ಬೆರಳಿನಿಂದ ಮುಟ್ಟಬೇಡಿ, ಅಗಲ ತುದಿಯ ಚಿಮಟದಲ್ಲಿ ಹಿಡಿಯಿರಿ. ಪಿವಿಸಿ ಹಾಳೆಯ ಆಲ್ಬಮ್ ಬೇಡ, ವರ್ಷಗಳಾದಂತೆ ಅದು ಬಣ್ಣ ಕೆಡಿಸುತ್ತದೆ. ತೇವ ಇದ್ದರೆ ಕಾಗದದ ಮೇಲೆ ಕಂದು ಚುಕ್ಕಿ ಏಳುತ್ತದೆ, ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಹಳೆಯ ಲಕೋಟೆಯ ಸ್ಟಾಂಪನ್ನು ತಣ್ಣೀರಿನಲ್ಲಿ ನೆನೆಸಿದರೆ ತಾನಾಗೇ ಬಿಡುತ್ತದೆ. ಈಗಿನ ಸ್ಟಿಕ್ಕರ್ ಥರದವು ಎಷ್ಟೋ ಸಲ ಬಿಡುವುದಿಲ್ಲ. ಅವನ್ನು ಸುತ್ತ ಸ್ವಲ್ಪ ಕಾಗದ ಉಳಿಸಿ ಕತ್ತರಿಸಿಡಿ. ಆದರೆ ಅಂಚೆಯಲ್ಲಿ ಬಂದ ಪೋಸ್ಟ್‌ಕಾರ್ಡಿನಿಂದ, ಎಫ್‌ಡಿಸಿಯಿಂದ, ಊರಿನ ಠಸ್ಸೆ ಸ್ಪಷ್ಟವಾಗಿ ಬಿದ್ದ ಹಳೆಯ ಲಕೋಟೆಯಿಂದ ಸ್ಟಾಂಪು ಬಿಡಿಸಲು ಹೋಗಬೇಡಿ. ಬಿಡಿಸಿದರೆ ಅರ್ಧ ಠಸ್ಸೆ ಸ್ಟಾಂಪಿನ ಜೊತೆ ಹೋಗುತ್ತದೆ, ಅರ್ಧ ಕಾಗದದ ಮೇಲೆ ಉಳಿಯುತ್ತದೆ. ಆಮೇಲೆ ಅದು ಯಾವ ಊರಿನದು, ಯಾವ ತಾರೀಕಿನದು ಎಂದು ಯಾರಿಗೂ ಓದಲಾಗುವುದಿಲ್ಲ.